ಚಪ್ಪಟೆ ಮುಖದ ಬೆಕ್ಕಿಗೆ ಪೂರ್ಣ ತಪಾಸಣೆ: ಬೆಕ್ಕುಗಳಿಗೇ ಮೀಸಲಾದ ಚಿಕಿತ್ಸಾಲಯವೊಂದರ ವಿಮರ್ಶೆ

ನಮ್ಮ ಮನೆಯ ಪರ್ಷಿಯನ್ ಬೆಕ್ಕಿಗೆ ಈಗ ನಾಲ್ಕು ವರ್ಷ. ಮರಿಯಾಗಿದ್ದಾಗಿನಿಂದಲೂ ಅದು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿತ್ತು. ಕಣ್ಣಿನ ಒಳಮೂಲೆಯಿಂದ ಇಳಿಯುವ ನೀರು ಮೂಗಿನ ಇಕ್ಕೆಲಗಳಲ್ಲಿ ಕಂದು ಕಲೆಯಾಗಿ ಉಳಿದಿರುತ್ತಿತ್ತು. ಹಿಂದೆ ತೋರಿಸುತ್ತಿದ್ದ ಕಡೆ ಕೇಳಿದಾಗಲೆಲ್ಲ "ಈ ತಳಿಗೆ ಇದು ಸಹಜ" ಎಂಬ ಉತ್ತರವೇ ಸಿಗುತ್ತಿತ್ತು, ನಾವೂ ಅದನ್ನೇ ನಂಬಿದ್ದೆವು. ಬೆಕ್ಕುಗಳಿಗಷ್ಟೇ ಮೀಸಲಾದ ಚಿಕಿತ್ಸಾಲಯವೊಂದರಲ್ಲಿ ಇತ್ತೀಚೆಗೆ ಮಾಡಿಸಿದ ಪೂರ್ಣ ತಪಾಸಣೆಯಲ್ಲಿ, ತಳಿಯಲ್ಲಿ ಸಾಮಾನ್ಯವಾಗಿರುವುದೆಲ್ಲ ಆರೋಗ್ಯವಲ್ಲ ಎಂಬುದು ನಮಗೆ ಮನವರಿಕೆಯಾಯಿತು.

ಮೊದಲು ಮೆಚ್ಚಿಗೆಯಾದದ್ದು ವೈದ್ಯರ ತಾಳ್ಮೆ. ಅವರು ಬುಟ್ಟಿಯ ಬಾಗಿಲು ತೆರೆದಿಟ್ಟು, ಬೆಕ್ಕನ್ನು ಮುಟ್ಟದೆ, ಅದರ ಎದೆಯ ಏರಿಳಿತವನ್ನೇ ನೋಡುತ್ತ ಉಸಿರು ಎಣಿಸಿದರು. ನಿದ್ದೆಯಲ್ಲಿರುವ ಬೆಕ್ಕಿನ ಉಸಿರು ನಿಮಿಷಕ್ಕೆ 30ನ್ನು ದಾಟುತ್ತಲೇ ಇದ್ದರೆ ತಡಮಾಡದೆ ಕರೆತರಬೇಕೆಂದು ತಿಳಿಸಿ, ಮನೆಯಲ್ಲಿ ಎಣಿಸುವ ಕ್ರಮವನ್ನೂ ಹೇಳಿಕೊಟ್ಟರು. ಈ ತಳಿಯಲ್ಲಿ ತಲೆಬುರುಡೆಯ ಮೂಳೆ ಮೋಟಾಗಿದ್ದರೂ ಒಳಗಿನ ಮೆದು ಅಂಗಾಂಶ ಅದೇ ಪ್ರಮಾಣದಲ್ಲಿ ಕಿರಿದಾಗಿರುವುದಿಲ್ಲವಾದ್ದರಿಂದ, ಕಿರಿದಾದ ಮೂಗಿನ ಹೊಳ್ಳೆಗಳು ಮತ್ತು ಗಂಟಲಿನ ದಾರಿಗೆ ಅಡ್ಡ ಬರುವ ಮೆದು ಅಂಗುಳ ಸೇರಿ ಪ್ರತಿ ಉಸಿರಿಗೂ ಹೆಚ್ಚು ಶ್ರಮ ಪಡಬೇಕಾಗುತ್ತದೆ. ಹೊಳ್ಳೆ ಅತಿ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಅಗಲಿಸಬಹುದಂತೆ. ನಮ್ಮ ಬೆಕ್ಕಿಗೆ ಸದ್ಯಕ್ಕೆ ಅದು ಬೇಡ, ತೂಕ ಇಳಿಸಿ ನೋಡೋಣ ಎಂದರು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುವುದನ್ನು ನಾಯಿಯ ಏದುಸಿರಿನಂತೆ ಹಗುರವಾಗಿ ತೆಗೆದುಕೊಳ್ಳಬಾರದು ಎಂದೂ ಎಚ್ಚರಿಸಿದರು.

ಈ ತಪಾಸಣೆಯ ನಿಜವಾದ ಬೆಲೆ ತಿಳಿದದ್ದು ಕಣ್ಣಿನ ಪರೀಕ್ಷೆಯಲ್ಲಿ. ಮುಖ ಚಪ್ಪಟೆಯಾದಂತೆ ಕಣ್ಣೀರನ್ನು ಮೂಗಿನೊಳಕ್ಕೆ ಒಯ್ಯುವ ನಾಳ ಸೊಟ್ಟಗಾಗುತ್ತದೆ, ನೀರು ಹೊರಕ್ಕೆ ಹರಿಯುತ್ತದೆ. ಇದಿಷ್ಟು ನನಗೆ ಗೊತ್ತಿತ್ತು. ಆದರೆ ಕಣ್ಣಿನ ಗೂಡು ಆಳವಿಲ್ಲದೆ ಗುಡ್ಡೆ ಮುಂದಕ್ಕೆ ಉಬ್ಬಿರುವುದರಿಂದ ರೆಪ್ಪೆಗಳು ಪೂರ್ತಿ ಮುಚ್ಚದಿರಬಹುದು, ಕೆಳರೆಪ್ಪೆಯ ಒಳತುದಿ ಒಳಮಡಚಿ ಅಲ್ಲಿನ ಕೂದಲು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ದಿನವಿಡೀ ಉಜ್ಜುತ್ತಿರಬಹುದು ಎಂಬುದು ಗೊತ್ತಿರಲಿಲ್ಲ. ವೈದ್ಯರು ಫ್ಲೋರೆಸಿನ್ ಎಂಬ ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಎಡಗಣ್ಣಿನಲ್ಲಿ ಚಿಕ್ಕದೊಂದು ಹುಣ್ಣು ಹಸಿರಾಗಿ ಹೊಳೆಯಿತು. ಇಂಥ ಗಾಯ ವಾಸಿಯಾಗದೆ ಉಳಿದರೆ ಕಾರ್ನಿಯಾದ ಒಂದು ಭಾಗ ಸತ್ತು ಕಪ್ಪು ಹಕ್ಕಳೆಯಾಗುವುದುಂಟು, ಪರ್ಷಿಯನ್ ಬೆಕ್ಕುಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ನಮ್ಮದು ಹನಿಮದ್ದಿನಲ್ಲೇ ಮಾಗಿತು. ನಾಲ್ಕು ವರ್ಷ ಆ ಕಂದು ಕಲೆಯನ್ನು ಒದ್ದೆ ಹತ್ತಿಯಿಂದ ಒರೆಸುತ್ತ ಬಂದವಳು ನಾನು. ಅದರ ಹಿಂದೆ ನೋವಿರಬಹುದೆಂದು ಒಮ್ಮೆಯೂ ಯೋಚಿಸಲಿಲ್ಲವಲ್ಲ ಎಂಬ ಸಂಕಟ ಈಗಲೂ ಇದೆ.

ಕಿಡ್ನಿಯ ಸ್ಕ್ಯಾನಿಂಗ್ ಕೂಡ ಇದೇ ತಪಾಸಣೆಯಲ್ಲಿ ಸೇರಿತ್ತು. ಪರ್ಷಿಯನ್ ಮತ್ತು ಅದರಿಂದ ಹುಟ್ಟಿದ ತಳಿಗಳಲ್ಲಿ ಕಿಡ್ನಿಯ ತುಂಬ ನೀರುಗುಳ್ಳೆಗಳಾಗುವ ಪಾಲಿಸಿಸ್ಟಿಕ್ ಕಾಯಿಲೆ ವಂಶಪಾರಂಪರ್ಯವಾಗಿ ಬರುತ್ತದೆ. ತಾಯಿ ಅಥವಾ ತಂದೆ, ಒಬ್ಬರಿಂದ ದೋಷವಿರುವ ವಂಶವಾಹಿ ಬಂದರೂ ಸಾಕು. ಗುಳ್ಳೆಗಳು ಹುಟ್ಟಿನಿಂದಲೇ ಇದ್ದು ನಿಧಾನವಾಗಿ ಬೆಳೆಯುವುದರಿಂದ, ನೀರು ಹೆಚ್ಚು ಕುಡಿಯುವುದು, ತೂಕ ಇಳಿಯುವುದು ಮುಂತಾದ ಲಕ್ಷಣಗಳು ಸಾಮಾನ್ಯವಾಗಿ ಏಳನೆಯ ವರ್ಷದ ಆಸುಪಾಸಿನಲ್ಲಿ ತೋರುತ್ತವೆ. ಈ ದೋಷವನ್ನು 2004ರಲ್ಲಿ ಗುರುತಿಸಿದ ಮೇಲೆ ಕೆನ್ನೆಯ ಒಳಭಾಗದ ಮಾದರಿಯಿಂದಲೇ ಪತ್ತೆಹಚ್ಚುವುದು ಸಾಧ್ಯವಾಗಿದೆ. ಮರಿ ಕೊಳ್ಳುವವರು ತಂದೆತಾಯಿಗಳ ಈ ವರದಿಯನ್ನು ಕೇಳಿಯೇ ಕೊಳ್ಳಬೇಕು. ನಮ್ಮ ಬೆಕ್ಕಿನ ಕಿಡ್ನಿಗಳು ಸ್ವಚ್ಛವಾಗಿವೆ. ತೆರೆಯ ಮೇಲೆ ಎರಡೂ ಕಿಡ್ನಿಗಳನ್ನು ತೋರಿಸಿ ವಿವರಿಸಿದ್ದು ತುಂಬ ಸಮಾಧಾನ ತಂದಿತು.

ಕೊರತೆಗಳನ್ನೂ ಹೇಳಬೇಕು. ಸ್ಕ್ಯಾನಿಂಗ್‌ಗಾಗಿ ಹೊಟ್ಟೆಯ ಕೂದಲನ್ನು ಅಂಗೈಯಗಲಕ್ಕಿಂತ ಹೆಚ್ಚಾಗಿ ಬೋಳಿಸಿದರು, ಮೊದಲೇ ತಿಳಿಸಲಿಲ್ಲ. ಕೂದಲು ಬೆಳೆಯುತ್ತದೆ ಸರಿ, ಆದರೆ ಒಂದು ಮಾತು ಕೇಳುವುದು ಅವರ ಕರ್ತವ್ಯವಾಗಿತ್ತು. ಹಲ್ಲಿನ ಪರೀಕ್ಷೆ ಅವಸರದಲ್ಲಿ ಮುಗಿಯಿತು. ಮೋಟು ದವಡೆಯಲ್ಲಿ 30 ಹಲ್ಲುಗಳು ಇಕ್ಕಟ್ಟಾಗಿ ಕೂರುವ ಈ ತಳಿಯಲ್ಲಿ ವಸಡಿನ ರೋಗ ಬೇಗ ಬರಬಹುದಾದ್ದರಿಂದ ಇದನ್ನು ಇನ್ನಷ್ಟು ಗಮನವಿಟ್ಟು ನೋಡಬೇಕಿತ್ತು. ಅರಿವಳಿಕೆ ಕೊಡದೆ ಒಳಗಿನ ಹಲ್ಲುಗಳನ್ನು ಪೂರ್ತಿ ನೋಡಲಾಗದು, ಉಸಿರಾಟದ ತೊಂದರೆಯಿರುವ ಬೆಕ್ಕಿಗೆ ಅರಿವಳಿಕೆ ಹೆಚ್ಚು ಅಪಾಯಕಾರಿ ಎಂಬ ಕಾರಣವನ್ನು ನಾನು ಒತ್ತಿ ಕೇಳಿದ ಮೇಲೆಯೇ ಹೇಳಿದರು.

ಕೂದಲಿನ ವಿಷಯದಲ್ಲಿ ಸಹಾಯಕಿಯ ಕೆಲಸ ಅಚ್ಚುಕಟ್ಟಾಗಿತ್ತು. ಮುಂಗಾಲುಗಳ ಕಂಕುಳಲ್ಲಿ ಗಂಟುಕಟ್ಟಿದ್ದ ಕೂದಲನ್ನು ಅವರು ಲೋಹದ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಬಿಡಿಸಿದರು. ಗಂಟು ಬಿಗಿದಲ್ಲಿ ತೆಳುಚರ್ಮವೂ ಮೇಲೆದ್ದಿರುವುದರಿಂದ ಮನೆಯಲ್ಲಿ ಕತ್ತರಿ ಹಾಕಬಾರದೆಂದು ತಿಳಿಹೇಳಿದರು.

ಒಂದು ಗಂಟೆಗೂ ಹೆಚ್ಚು ಸಮಯ ಕೊಟ್ಟು, ತೂಕ, ಉಸಿರಿನ ಲೆಕ್ಕ, ಕಣ್ಣಿನ ಸ್ಥಿತಿ ಎಲ್ಲವನ್ನೂ ಬರೆದುಕೊಡುವ ಈ ಸೇವೆಯನ್ನು ಪರ್ಷಿಯನ್ ಅಥವಾ ಹಿಮಾಲಯನ್ ಬೆಕ್ಕು ಸಾಕಿದವರು ಪಡೆಯಬೇಕೆಂದೇ ನನ್ನ ಅಭಿಪ್ರಾಯ. ಆರು ತಿಂಗಳ ನಂತರದ ಭೇಟಿಯನ್ನು ಅದೇ ವೈದ್ಯರ ಬಳಿ ಗೊತ್ತುಮಾಡಿದ್ದೇನೆ; ಕೂದಲು ಬೋಳಿಸುವ ಮುನ್ನ ಕೇಳಬೇಕೆಂದು ಅರ್ಜಿಯಲ್ಲಿ ಬರೆಸಿದ್ದೇನೆ. ಅಲ್ಲಿಯವರೆಗೆ ಪ್ರತಿ ರಾತ್ರಿ ಉಸಿರು ಎಣಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ನಿನ್ನೆಯ ಲೆಕ್ಕ 24.