ಗುಂಯ್ ನಿಂತಿತು, ಬಾಸ್ ತೆಳುವಾಯಿತು: ಗ್ರೌಂಡ್ ಲೂಪ್ ಐಸೋಲೇಟರ್

ಕಂಪ್ಯೂಟರ್ ಕೇಬಲ್ ಸಿಕ್ಕಿಸಿದರೆ ಸಾಕು, ಆಂಪ್ಲಿಫೈಯರ್ ಗುಂಯ್ ಅನ್ನುತ್ತಿತ್ತು. ಕಿತ್ತರೆ ಮಾಯ. ಇದು ಗ್ರೌಂಡ್ ಲೂಪ್. ಎರಡಕ್ಕೂ ಬೇರೆ ಬೇರೆ ದಾರಿಯಲ್ಲಿ ಅರ್ಥಿಂಗ್ ಸಿಕ್ಕಾಗ, ನಡುವಿನ ಕೇಬಲ್ಲಿನ ತಂತಿಯ ಸುತ್ತ ಇರುವ ಲೋಹದ ಹೊದಿಕೆ, ಅಂದರೆ ಶೀಲ್ಡ್‌ನಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ, ಅದೇ ಸ್ಪೀಕರ್‌ನಲ್ಲಿ ಕೇಳುತ್ತದೆ.

ಅದಕ್ಕೇ ಆ ಕರೆಂಟಿನ ದಾರಿ ತುಂಡರಿಸುವ ಈ ಐಸೋಲೇಟರ್ ತಂದೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಸದ್ದು ಪೂರ್ತಿ ನಿಂತಿತು, ತುಂಬಾ ಖುಷಿಯಾಯಿತು. ಆದರೆ ಬಾಸ್ ಗಿಟಾರಿನ ಕೆಳಗಿನ ತಂತಿ ಮೊದಲಿನಷ್ಟು ತುಂಬಿ ಬರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಒಳಗಿನ ಲೋಹದ ತಿರುಳು (ಕೋರ್) ಚಿಕ್ಕದಾದರೆ ಹೀಗೇ ಅಲ್ವಾ? ಮಾತು, ಸಿನಿಮಾ ಕೇಳೋಕೆ ಧಾರಾಳವಾಗಿ ಸಾಕು. ಸಬ್‌ವೂಫರ್ ಲೈನಿಗೆ ಬೇಡವೇ ಬೇಡ.

ಕೊಳ್ಳುವ ಮುಂಚೆ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಪ್ಲಗ್ಗಿನ ಅರ್ಥಿಂಗ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ, ಸಾಧನದ ಹೊರಮೈಗೆ ಕರೆಂಟ್ ಬಂದರೆ ಜೀವಕ್ಕೇ ಅಪಾಯ.