ಐಬಿಎಂ ಜೆಡ್15ರ ಚಿಪ್ ಕಂಪ್ರೆಷನ್, ಹಳೇ ಟೂಲ್ ಬಿಟ್ಟು ಬಂದೋರ ಅನುಭವ

ಮಡಿಕೇರೀಲಿ ಮನೆಯಿಂದಾನೇ ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್) ಕೆಲ್ಸ ಮಾಡ್ತೀನಿ, ಮಳೆಗಾಲದಲ್ಲಿ ಕರೆಂಟು ನೆಟ್ಟು ಎರಡೂ ಯಾವಾಗ ಹೋಗುತ್ತೆ ಹೇಳಕ್ಕಾಗಲ್ಲ, ಅದಕ್ಕೆ ಫೈಲ್ ಸಣ್ಣದಾದಷ್ಟೂ ನಂಗೆ ಜೀವ ಬಂದಂಗೆ. ಮೊದ್ಲು ಇದ್ದಿದ್ದು ಯಾವ್ದೋ ಕಾಲದಲ್ಲಿ ಅಸೆಂಬ್ಲರ್ ಭಾಷೇಲಿ ಬರೆದಿಟ್ಟ ಕಂಪ್ರೆಷನ್ ಟೂಲ್ (ಫೈಲ್ ಕುಗ್ಗಿಸೋ ಪ್ರೋಗ್ರಾಂ), ಅದರದ್ದೇ ಒಂದು ಫಾರ್ಮ್ಯಾಟು, ಬೇರೆ ಕಡೆ ಬಿಚ್ಚೋಕೇ ಆಗ್ತಿರ್ಲಿಲ್ಲ, ರಾತ್ರಿ ಬ್ಯಾಚ್ (ಒಟ್ಟಿಗೆ ಓಡಿಸೋ ಕೆಲ್ಸಗಳು) ಓಡುವಾಗ ಸಿಪಿಯು ಬೇರೆ ತಿಂದಾಕ್ತಿತ್ತು.

ಈಗ ಐಬಿಎಂನ ಜೆಡ್15 ಮೇನ್‌ಫ್ರೇಮ್‌ಗೆ ಬಂದಿದೀವಿ, ತುಂಬಾ ಖುಷಿಯಾಗಿದೆ. 2019ರ ಈ ಮಷೀನ್‌ನಲ್ಲಿ ಕಂಪ್ರೆಷನ್ ಮಾಡೋ ಭಾಗ ಪ್ರೊಸೆಸರ್ ಚಿಪ್ ಒಳಗೇ ಇದೆ, ಹಿಂದಿನ ಮಾಡೆಲ್ ಜೆಡ್14ರ ತನಕ ಇದ್ದಂಗೆ ಬೇರೆ ಜೆಡ್‌ಇಡಿಸಿ ಅನ್ನೋ ಕಂಪ್ರೆಷನ್ ಕಾರ್ಡ್ ಹಾಕೋದು ಬೇಡ. ಕೆಲ್ಸ ಮಾಡೋದು ಡಿಫ್ಲೇಟ್ ಅನ್ನೋ ಎಲ್ಲ ಕಡೆ ಬಳಸೋ ಕಂಪ್ರೆಷನ್ ವಿಧಾನದಲ್ಲೇ, ಹಾಗಾಗಿ ಜೆಡ್‌ಲಿಬ್ ಅನ್ನೋ ಸಾಫ್ಟ್‌ವೇರ್ ಲೈಬ್ರರಿ ಬಳಸಿ ಜಿಜಿಪ್ (ಕುಗ್ಗಿಸಿದ) ಫೈಲ್ ಮಾಡಿದ್ರೆ ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಬಿಚ್ಚುತ್ತೆ.

ಆದ್ರೆ ಫೈಲ್ ಬೈನರಿ ಮೋಡ್‌ನಲ್ಲೇ (ಬೈಟ್ ಬದಲಾಗದೆ ಇದ್ದಂಗೇ) ಇಳಿಸ್ಕೊಳ್ಳಿ ದಯವಿಟ್ಟು. ನಾನು ಮೊದಲ ದಿನ ಟೆಕ್ಸ್ಟ್ ಮೋಡ್‌ನಲ್ಲಿ ಎಳೆದೆ, ಎಬ್ಸಿಡಿಕ್‌ನಿಂದ (ಮೇನ್‌ಫ್ರೇಮ್‌ನ ಅಕ್ಷರ ಕೋಡ್) ಆಸ್ಕಿಗೆ (ಲ್ಯಾಪ್‌ಟಾಪ್‌ನ ಅಕ್ಷರ ಕೋಡ್) ಅಂತ ಬೈಟ್‌ಗಳೆಲ್ಲ ಬದಲಾಗಿ ಫೈಲ್ ತೆರೀಲೇ ಇಲ್ಲ, ಹೆಕ್ಸ್‌ನಲ್ಲಿ ನೋಡಿದ್ರೆ ಶುರುವಲ್ಲಿ ಜಿಜಿಪ್ ಗುರುತು 1ಎಫ್ 8ಬಿ ಇರ್ಬೇಕಾದ ಜಾಗದಲ್ಲಿ ಬೇರೇನೋ ಇತ್ತು. ಇನ್ನು ಹಳೇ ಟೇಪ್‌ಗಳಿಗೋಸ್ಕರ ಹಳೇ ಟೂಲ್‌ನ ಬಿಚ್ಚೋ ಭಾಗ ಮಾತ್ರ ಉಳಿಸ್ಕೊಂಡಿದೀವಿ, ಅದನ್ನ ನೀವೂ ಅಳಿಸ್ಬೇಡಿ.