ಎಕ್ಸೆಲ್ ಪಿವಟ್ ಟೇಬಲ್: ಅಡಿಕೆ ಮಂಡಿಯ ಲೆಕ್ಕಕ್ಕೆ ಹಲವು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಹೋಯಿತು ಅಂತ ಆಮೇಲೆ ಹೇಳುತ್ತೇನೆ.

ನಾನು ಶಿವಮೊಗ್ಗ ಕಡೆಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ನೋಡಿಕೊಳ್ಳುವವನು. ನಮ್ಮ ಶೀಟ್ ತುಂಬಾ ಸರಳ. ಒಂದು ಲಾಟಿಗೆ ಒಂದು ಸಾಲು. ದಿನಾಂಕ, ಊರು, ರೈತರ ಹೆಸರು, ವಿಧ (ರಾಶಿ, ಬೆಟ್ಟೆ, ಗೊರಬಲು, ಸರಕು), ಖರೀದಿದಾರ, ಚೀಲ, ತೂಕ, ದರ, ಮೊತ್ತ. ಸೀಸನ್ ಮುಗಿಯುವ ಹೊತ್ತಿಗೆ ಸಾಲುಗಳು ಸಾವಿರಗಟ್ಟಲೆ ಆಗಿರುತ್ತವೆ. ಅದರಲ್ಲಿ ಏನಾದರೂ ಹುಡುಕಬೇಕು ಅಂದರೆ ಪಿವಟ್ (ಸಾಲುಗಳನ್ನು ಬೇಕಾದ ಹಾಗೆ ಗುಂಪು ಮಾಡಿ ಕೂಡಿಸಿ ತೋರಿಸುವ ಎಕ್ಸೆಲ್ ಸೌಲಭ್ಯ) ಬಿಟ್ಟರೆ ನನಗೆ ಬೇರೆ ದಾರಿ ಇಲ್ಲ.

ಪಿವಟ್ ಶುರು ಮಾಡಿದಾಗ ಪಕ್ಕದಲ್ಲಿ ನಾಲ್ಕು ಬಾಕ್ಸ್ ಕಾಣುತ್ತವೆ: ಫಿಲ್ಟರ್ಸ್, ಕಾಲಮ್ಸ್, ರೋಸ್ (ಅಂದರೆ ಸಾಲುಗಳು), ವ್ಯಾಲ್ಯೂಸ್. ಮೇಲಿನ ಫೀಲ್ಡ್‌ಗಳ (ನಮ್ಮ ಶೀಟಿನ ಒಂದೊಂದು ಕಾಲಮ್ಮೂ ಒಂದೊಂದು ಫೀಲ್ಡ್) ಪಟ್ಟಿಯಲ್ಲಿ ಸುಮ್ನೆ ಟಿಕ್ ಮಾಡುತ್ತಾ ಹೋದರೆ ಅಕ್ಷರ ಇರುವುದೆಲ್ಲ ರೋಸ್‌ಗೆ, ಅಂಕಿ ಇರುವುದೆಲ್ಲ ವ್ಯಾಲ್ಯೂಸ್‌ಗೆ ಹೋಗಿ ಕೂರುತ್ತದೆ. ಹೊಸಬರು ಇಲ್ಲೇ ಸುಸ್ತಾಗುವುದು. ಊರು, ಹೆಸರು, ವಿಧ, ಖರೀದಿದಾರ ಎಲ್ಲ ಒಂದರ ಕೆಳಗೊಂದು ಬಂದು ಟೇಬಲ್ ಮಾರುದ್ದ ಆಗುತ್ತದೆ. ಟಿಕ್ ಮಾಡಬೇಡಿ, ಎಳೆದು ಹಾಕಿ. ಯಾವುದು ಎಲ್ಲಿಗೆ ಅಂತ ನೀವೇ ಹೇಳಿ.

ರೋಸ್‌ನಲ್ಲಿ ಊರು ಮೇಲೆ, ವಿಧ ಕೆಳಗೆ ಇಟ್ಟರೆ ಒಂದೊಂದು ಊರಿಂದ ಯಾವ ಮಾಲು ಎಷ್ಟು ಬಂತು ಅಂತ ಗೊತ್ತಾಗುತ್ತದೆ. ಅದೇ ಎರಡನ್ನು ಅದಲುಬದಲು ಮಾಡಿ. ಈಗ ರಾಶಿ ಅಂದರೆ ಯಾವ ಊರು ಮುಂದೆ, ಬೆಟ್ಟೆ ಅಂದರೆ ಯಾವುದು ಅಂತ ಕಾಣುತ್ತದೆ. ಅಂಕಿ ಒಂದೂ ಬದಲಾಗಿಲ್ಲ, ಕೇಳಿದ ಪ್ರಶ್ನೆ ಬದಲಾಯಿತು ಅಷ್ಟೆ. ನಮ್ಮ ಮಾಲೀಕರಿಗೆ ಬೇಕಾಗಿರುವುದು ಯಾವಾಗಲೂ ಎರಡನೆಯದು. ಊರೂರು ತಿರುಗುವ ನಮ್ಮ ಹುಡುಗರಿಗೆ ಮೊದಲನೆಯದು.

ಕಾಲಮ್ಸ್‌ಗೆ ಏನು ಹಾಕಬೇಕು? ಕೈಬೆರಳಲ್ಲಿ ಎಣಿಸುವಷ್ಟು ಬಗೆ ಇರುವ ಫೀಲ್ಡ್ ಮಾತ್ರ. ನಾಲ್ಕು ವಿಧ ಅಡ್ಡಕ್ಕೆ ಚೆನ್ನಾಗಿ ಕೂರುತ್ತವೆ, ಒಂದೇ ಹಾಳೆಯಲ್ಲಿ ಪ್ರಿಂಟ್ ಬರುತ್ತದೆ. ರೈತರ ಹೆಸರನ್ನು ಅಲ್ಲಿ ಹಾಕಿ ನೋಡಿ, ಸ್ಕ್ರಾಲ್ ಮಾಡಿಯೇ ಬೆರಳು ನೋಯುತ್ತದೆ. ಖರೀದಿದಾರರನ್ನು ನಾನು ಫಿಲ್ಟರ್ಸ್‌ನಲ್ಲಿ ಇಡುತ್ತೇನೆ. ಮೇಲಿನ ಪಿವಟ್ ಮೆನುವಿನಲ್ಲಿ ಆಪ್ಶನ್ಸ್ ಪಕ್ಕದ ಬಾಣದಲ್ಲಿ 'ಶೋ ರಿಪೋರ್ಟ್ ಫಿಲ್ಟರ್ ಪೇಜಸ್' ಅಂತ ಇದೆ. ಒತ್ತಿದರೆ ಒಬ್ಬೊಬ್ಬ ಖರೀದಿದಾರನಿಗೂ ಬೇರೆ ಬೇರೆ ಶೀಟ್ ತಾನೇ ತಯಾರಾಗುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇನ್ನು ವ್ಯಾಲ್ಯೂಸ್. ಇಲ್ಲಿ ಸ್ವಲ್ಪ ನಿಧಾನ.

ದರವನ್ನು ಎಳೆದು ಹಾಕಿದರೆ ಎಲ್ಲ ದರಗಳ ಮೊತ್ತ ಬರುತ್ತದೆ, ಅದಕ್ಕೆ ಅರ್ಥವೇ ಇಲ್ಲ. ಆ್ಯವರೇಜ್ ಮಾಡಿದರೆ ಸರಿಹೋಗುತ್ತದೆ ಅನಿಸುತ್ತದೆ, ಅಲ್ವಾ? ಹೋಗುವುದಿಲ್ಲ. ಒಂದು ಕ್ವಿಂಟಲ್‌ನ ಒಂದು ಲಾಟು ಕ್ವಿಂಟಲಿಗೆ 50,000ದಂತೆ ಹೋಯಿತು, ಒಂಬತ್ತು ಕ್ವಿಂಟಲ್‌ನ ಇನ್ನೊಂದು ಲಾಟು 46,000ದಂತೆ ಹೋಯಿತು ಅಂತ ಇಟ್ಟುಕೊಳ್ಳಿ. ಆ್ಯವರೇಜ್ 48,000 ತೋರಿಸುತ್ತದೆ. ಆದರೆ ಒಟ್ಟು ದುಡ್ಡು 4,64,000, ತೂಕ ಹತ್ತು ಕ್ವಿಂಟಲ್. ನಿಜವಾಗಿ ಸಿಕ್ಕಿದ್ದು ಕ್ವಿಂಟಲಿಗೆ 46,400. ಮಂಡಿಯಲ್ಲಿ 1,600 ರೂಪಾಯಿ ವ್ಯತ್ಯಾಸ ಅಂದರೆ ಜಗಳಕ್ಕೆ ಧಾರಾಳ ಸಾಕು.

ಇದಕ್ಕೆ ಮದ್ದು ಕ್ಯಾಲ್ಕುಲೇಟೆಡ್ ಫೀಲ್ಡ್. ಮೊತ್ತವನ್ನು ತೂಕದಿಂದ ಭಾಗಿಸುವ ಸೂತ್ರ ಕೊಟ್ಟು 'ಸರಾಸರಿ ದರ' ಅಂತ ಹೆಸರಿಡಿ. ಪಿವಟ್ ಮೊದಲು ಎರಡನ್ನೂ ಬೇರೆ ಬೇರೆ ಕೂಡಿಸುತ್ತದೆ, ಆಮೇಲೆ ಭಾಗಿಸುತ್ತದೆ. ಹಾಗಾಗಿ ಊರು, ವಿಧ, ಒಟ್ಟು, ಯಾವ ಸಾಲಿನಲ್ಲಿ ನೋಡಿದರೂ 46,400ರಂಥ ಸರಿಯಾದ ದರವೇ ಬರುತ್ತದೆ. ಆದರೆ ಇದೇ ಗುಣ ಗುಣಾಕಾರದಲ್ಲಿ ಕೈಕೊಡುತ್ತದೆ. ತೂಕ ಗುಣಿಸು ದರ ಅಂತ ಕೊಟ್ಟರೆ ಹತ್ತು ಕ್ವಿಂಟಲನ್ನು ಎರಡೂ ದರ ಕೂಡಿಸಿದ 96,000ದಿಂದ ಗುಣಿಸಿ 9,60,000 ಅಂತ ತೋರಿಸುತ್ತದೆ. ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದಕ್ಕೇ ಮೊತ್ತದ ಕಾಲಮ್ ಮೂಲ ಶೀಟಿನಲ್ಲೇ ಇರಬೇಕು.

ತೂಕದ ಕಾಲಮ್‌ನಲ್ಲಿ ಯಾರಾದರೂ 'ಬಾಕಿ' ಅಂತ ಟೈಪ್ ಮಾಡಿದ್ದರೂ ತೊಂದರೆ. ಫೀಲ್ಡ್ ಎಳೆದು ಹಾಕಿದಾಗ ಸಮ್ ಬದಲು ಕೌಂಟ್ ಬಂದು ಕೂರುತ್ತದೆ. ಕ್ವಿಂಟಲ್ ಅಂದುಕೊಂಡು ಲಾಟಿನ ಎಣಿಕೆ ಓದುತ್ತಿರುತ್ತೀರಿ.

ನನಗೆ ಅತಿ ಇಷ್ಟವಾದದ್ದು ಡಬಲ್ ಕ್ಲಿಕ್. ಯಾವುದೇ ಅಂಕಿಯ ಮೇಲೆ ಎರಡು ಸಲ ಒತ್ತಿದರೆ ಅದರ ಹಿಂದಿನ ಸಾಲುಗಳೆಲ್ಲ ಹೊಸ ಶೀಟಿನಲ್ಲಿ ತೆರೆದುಕೊಳ್ಳುತ್ತವೆ. "ನಮ್ದು ಇಷ್ಟೇ ಚೀಲನಾ ಸ್ವಾಮಿ?" ಅಂತ ಯಾರಾದರೂ ಕೇಳಿದರೆ ಅಲ್ಲೇ ತೋರಿಸಬಹುದು. ಆದರೆ ಇದರಲ್ಲೇ ಒಂದು ಅಪಾಯ ಇದೆ. ಮೂಲ ಶೀಟ್ ಅಳಿಸಿ ಬರೀ ಪಿವಟ್ ಇರುವ ಫೈಲನ್ನು ಹೊರಗೆ ಕಳಿಸಿದರೂ ಡೇಟಾ ಒಳಗೇ ಉಳಿದಿರುತ್ತದೆ. ಗ್ರ್ಯಾಂಡ್ ಟೋಟಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಲ್ಲರ ಲೆಕ್ಕವೂ ಬಯಲು. ಖರೀದಿದಾರರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

ಈಗ ಕಟ್ ಆದ ಆ ಒಂದು ಸ್ಟಾರ್ ವಿಷಯ. ದಿನಾಂಕವನ್ನು ಗ್ರೂಪ್ ಮಾಡಿದರೆ ತಿಂಗಳು, ಕ್ವಾರ್ಟರ್, ವರ್ಷ ಸಿಗುತ್ತದೆ. ಆದರೆ ಅದರ ವರ್ಷ ಜನವರಿಗೇ ಶುರು. ನಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್. ಮೇಲಾಗಿ ಅಡಿಕೆ ಸೀಸನ್ ಡಿಸೆಂಬರ್, ಜನವರಿ ಎರಡನ್ನೂ ದಾಟಿ ಹೋಗುವಂಥದ್ದು, ಆದ್ದರಿಂದ ಒಂದೇ ಸೀಸನ್ ಎರಡು ವರ್ಷಗಳಲ್ಲಿ ಹಂಚಿಹೋಗುತ್ತದೆ. ಏಪ್ರಿಲ್‌ನಿಂದ ಶುರು ಮಾಡು ಅಂತ ಹೇಳಲು ಅಲ್ಲಿ ಜಾಗವೇ ಇಲ್ಲ. ನಾನು ಮೂಲ ಶೀಟಿನಲ್ಲಿ 'ಆರ್ಥಿಕ ವರ್ಷ' ಅಂತ ಇನ್ನೊಂದು ಕಾಲಮ್ ಇಟ್ಟು ಅದನ್ನೇ ಎಳೆದು ಹಾಕುತ್ತೇನೆ. ಕೆಲಸ ಆಗುತ್ತದೆ, ಆದರೂ ಇಷ್ಟು ದೊಡ್ಡ ಸಾಫ್ಟ್‌ವೇರ್‌ಗೆ ಇದು ಬರಬೇಕಿತ್ತು.

ರಿಫ್ರೆಶ್ (ಮೂಲ ಶೀಟಿನಲ್ಲಿ ಆದ ಬದಲಾವಣೆಯನ್ನು ಪಿವಟ್‌ಗೆ ತರುವುದು) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಲ ಡೇಟಾವನ್ನು ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿಕೊಳ್ಳಿ, ಫೈಲ್ ತೆರೆದಾಗ ರಿಫ್ರೆಶ್ ಆಗುವ ಟಿಕ್ ಹಾಕಿ, ಮುಗಿಯಿತು.

ಕನ್ನಡದಲ್ಲಿ ಡೇಟಾ ಇಡುವವರಿಗೆ ಒಂದು ಮಾತು. ಹಳೆಯ ಕಡತಗಳಲ್ಲಿ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಊರ ಹೆಸರು ಇರುತ್ತದೆ. ಶೀಟಿನಲ್ಲಿ ಅದು 'ಸಾಗರ' ಅಂತಲೇ ಕಾಣುತ್ತದೆ. ಪಿವಟ್‌ನ ಫಿಲ್ಟರ್ ಪಟ್ಟಿ ತೆರೆದರೆ ಮಾತ್ರ ಅರ್ಥವಾಗದ ಇಂಗ್ಲಿಷ್ ಗುರುತುಗಳು ಬರುತ್ತವೆ, ಯೂನಿಕೋಡ್ ಸಾಗರ ಬೇರೆ, ಇದು ಬೇರೆ ಅಂತ ಎರಡು ಸಾಲೂ ಆಗುತ್ತದೆ. ಮೊದಲು ಎಲ್ಲವನ್ನೂ ಯೂನಿಕೋಡ್‌ಗೆ ತನ್ನಿ. ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದ್ದರೂ ಇದೇ ಕಥೆ.

ದುಡ್ಡು ಕೊಟ್ಟು ಎಕ್ಸೆಲ್ಲೇ ಬೇಕಾ ಅಂತ ಕೇಳುವವರಿಗೆ: ಗೂಗಲ್ ಶೀಟ್ಸ್‌ನ ಪಿವಟ್‌ಗೆ ರಿಫ್ರೆಶ್ ಒತ್ತುವ ರಗಳೆ ಇಲ್ಲ. ಕ್ಯಾಲ್ಕುಲೇಟೆಡ್ ಫೀಲ್ಡೂ ಇದೆ, ಆದರೆ ಅಲ್ಲಿ ಕಸ್ಟಮ್ ಆರಿಸಿ ಮೊತ್ತ, ತೂಕ ಎರಡಕ್ಕೂ ಸಮ್ ಅಂತ ನೀವೇ ಬರೆಯಬೇಕು. ಲಿಬ್ರೆ ಆಫೀಸ್‌ನಲ್ಲೂ ಅದೇ ನಾಲ್ಕು ಬಾಕ್ಸ್ ಇವೆ, ಹೊಸ ಫೀಲ್ಡ್ ಸೇರಿಸುವಾಗ ಲೇಔಟ್ ಕಿಟಕಿ ತೆರೆದು ಓಕೆ ಒತ್ತಬೇಕು ಅಷ್ಟೆ. ಅದರಲ್ಲಿ ಕ್ಯಾಲ್ಕುಲೇಟೆಡ್ ಫೀಲ್ಡ್ ಇಲ್ಲ. ಬರೀ ತೂಕ, ಚೀಲ ಕೂಡಿಸುವವರಿಗೆ ಅದು ಸಾಕು. ಸರಾಸರಿ ದರ ಕೇಳುವ ಮಾಲೀಕರಿದ್ದರೆ ಸಾಲದು.